ಕೋಲಾರದ ಚಿನ್ನದ ಗಣಿಗಳ ಕ್ಯಾಥೊಲಿಕ್ ಸಮಾಜ: ವಿದ್ಯಾಭ್ಯಾಸವೂ ಧರ್ಮಜೀವನವೂ

ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಬರೆದವರಲ್ಲಿ ಬಹುಮಂದಿ ಭೂಮಿಯ ಆಳವನ್ನೂ ಅಲ್ಲಿಂದ ತೆಗೆದ ಲೋಹದ ತೂಕವನ್ನೂ ಲೆಕ್ಕ ಹಾಕಿದ್ದಾರೆ. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದಿತ್ತೆಂಬುದೂ, ನೂರಿಪ್ಪತ್ತು ವರ್ಷಗಳಲ್ಲಿ ಈ ಪ್ರದೇಶದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತೆಂಬುದೂ ವಾಚಕರಿಗೆ ವಿದಿತವೇ ಆಗಿದೆ. ಆ ಗಣಿಗಳ ಮೇಲಣ ನೆಲದಲ್ಲಿ ಬದುಕಿದ ಜನರು ತಮ್ಮ ಮಕ್ಕಳನ್ನು ಎಲ್ಲಿ ಓದಿಸಿದರು, ಯಾವ ಭಾಷೆಯಲ್ಲಿ ದೇವರನ್ನು ಪ್ರಾರ್ಥಿಸಿದರು, ಇವೆರಡಕ್ಕೂ ಇದ್ದ ಸಂಬಂಧವೇನು ಎಂಬ ವಿಚಾರ ಮಾತ್ರ ಅಷ್ಟಾಗಿ ನಡೆದಿಲ್ಲ. ಅಲ್ಲಿನ ರೋಮನ್ ಕ್ಯಾಥೊಲಿಕ್ ಸಮಾಜವೊಂದನ್ನೇ ಎದುರಿಗಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಸ್ಥಳದ ಮಾತು. ಇಂದಿನ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಎಂಬವರ ಹೆಸರನ್ನು ಹೊತ್ತು, ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲುಮಾರ್ಗದ ಮೇಲೆ ಬೆಳೆದ ಊರಿದು. ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕನು 1870ರ ದಶಕದಲ್ಲಿ ಗಣಿಯ ಹಕ್ಕು ಪಡೆದನು. 1880ರಿಂದಾಚೆಗೆ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯ ಕೈಯಲ್ಲಿ ಗಣಿಗಾರಿಕೆ ವಿಸ್ತಾರಗೊಂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ಕವಲು ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಕನ್ನಡ ತೆಲುಗುಗಳ ಈ ಗಡಿಸೀಮೆಗೆ ಕೆಲಸಕ್ಕಾಗಿ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ ಮೊದಲಾದ ಕಡೆಗಳ ತಮಿಳರು. ಅವರಲ್ಲಿಯೂ ಬಹುಸಂಖ್ಯಾತರು ಊರಿನಲ್ಲಿ ಅಸ್ಪೃಶ್ಯರೆನಿಸಿಕೊಂಡು ಭೂಮಾಲಿಕರ ಕೆಳಗೆ ದುಡಿದವರು. ಮೇಲಿನ ಹುದ್ದೆಗಳಲ್ಲಿ ಇಂಗ್ಲಿಷರೂ ಕಾರ್ನ್‌ವಾಲಿನ ಗಣಿಗಾರರೂ ಇದ್ದರು. ಇಟಲಿಯಿಂದ ಬಂದ ಗಣಿಗಾರರೂ ಆಂಗ್ಲೋ-ಇಂಡಿಯನ್ನರೂ ಇದ್ದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೂಲಿಗಾರರ ಸಂಖ್ಯೆಯೇ 25,000ಕ್ಕೆ ಮಿಕ್ಕಿತ್ತು.

ಈ ಪಟ್ಟಿಯನ್ನು ಗಮನಿಸಿದರೆ ಇಲ್ಲಿನ ಕ್ಯಾಥೊಲಿಕ್ ಸಮಾಜದ ವೈಚಿತ್ರ್ಯ ತಾನಾಗಿಯೇ ಹೊಳೆಯುತ್ತದೆ. ಇಟಲಿಯವನೂ ಕ್ಯಾಥೊಲಿಕ್, ಆಂಗ್ಲೋ-ಇಂಡಿಯನ್ನರಲ್ಲಿ ಅನೇಕರು ಕ್ಯಾಥೊಲಿಕರು, ತಮಿಳು ಸೀಮೆಯ ಸವರಿಮುತ್ತುವೂ ಕ್ಯಾಥೊಲಿಕ್. ಒಂದೇ ಬಲಿಪೂಜೆ, ಒಂದೇ ಲ್ಯಾಟಿನ್ ಮಂತ್ರ. ಆದರೆ ಒಬ್ಬನು ಬಂಗಲೆಯಲ್ಲಿ, ಇನ್ನೊಬ್ಬನು ಕೂಲಿ ಲೈನಿನ ಒಂಟಿ ಕೋಣೆಯಲ್ಲಿ. ಶಾಲೆಯೆಂಬುದು ಹುಟ್ಟಿದ್ದು ಈ ಅಂತರದ ನಡುವೆ.

ಮೈಸೂರು ಸೀಮೆಯ ಕ್ಯಾಥೊಲಿಕ್ ಕಾರ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳ ವಶದಲ್ಲಿತ್ತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವೂ, 1940ರಲ್ಲಿ ಅದರಿಂದ ಬೇರೆಯಾಗಿ ಬೆಂಗಳೂರು ಧರ್ಮಪ್ರಾಂತ್ಯವೂ ಸ್ಥಾಪಿತವಾದುವು. 1953ರಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು. ಕೋಲಾರ ಜಿಲ್ಲೆಯು ಇದರೊಳಗೇ ಸೇರಿದೆ. ಚಾಂಪಿಯನ್ ರೀಫಿನ ದೇವಾಲಯವು ವಿಜಯಮಾತೆಗೆ ಅರ್ಪಿತವಾದುದು. 1571ರ ಅಕ್ಟೋಬರ್ 7ರಂದು ಲೆಪಾಂಟೊ ಎಂಬಲ್ಲಿ ನಡೆದ ನೌಕಾಯುದ್ಧದ ಸ್ಮರಣೆಗಾಗಿ ಏರ್ಪಟ್ಟ ಬಿರುದು ಇದು. ಜಪಸರದ ಹಬ್ಬವೆಂದು ಅದೇ ದಿನ ಇಂದಿಗೂ ಆಚರಣೆಯಲ್ಲಿದೆ. ಮೆಡಿಟರೇನಿಯನ್ ಸಮುದ್ರದ ಒಂದು ಕದನದ ಹೆಸರು ಕೋಲಾರದ ಬಂಡೆಗಳ ನಡುವೆ ಬಂದು ನಿಂತುದು ಚರಿತ್ರೆಯ ವಿನೋದಗಳಲ್ಲೊಂದು. ಯೂರೋಪಿನ ಗಣಿಗಾರರಿಗೆ ಸಂತ ಬಾರ್ಬರಾ ರಕ್ಷಕಿ. ತಮಿಳು ಕ್ಯಾಥೊಲಿಕನಿಗಾದರೋ ನಾಗಪಟ್ಟಣದ ಬಳಿಯ ವೇಳಾಂಗಣ್ಣಿಯ ಆರೋಗ್ಯಮಾತೆಯೇ ಹೆಚ್ಚು ಆಪ್ತಳು. ಆರೋಗ್ಯಮೇರಿ, ಆರೋಗ್ಯಸ್ವಾಮಿ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ.

ಸಂತ ಜೋಸೆಫರ ತಾರ್ಬ್ ಸಭೆಯ ಕನ್ಯಾಸ್ತ್ರೀಯರು 1882ರಲ್ಲಿ ಫ್ರಾನ್ಸಿನಿಂದ ಬೆಂಗಳೂರಿಗೆ ಬಂದವರು. ಚಾಂಪಿಯನ್ ರೀಫಿನ ಸಂತ ಜೋಸೆಫರ ಕಾನ್ವೆಂಟು ಆ ಸಭೆಗೆ ಸೇರಿದುದು. ಗಣಿಪ್ರದೇಶದ ವಿದ್ಯಾಭ್ಯಾಸವನ್ನು ಕುರಿತು ಮಾತನಾಡುವಾಗ ಎರಡು ಬಗೆಯ ಶಾಲೆಗಳನ್ನು ಬೇರೆಮಾಡಿ ನೋಡುವುದು ಅವಶ್ಯ. ಮೊದಲನೆಯದು ಇಂಗ್ಲಿಷ್ ಮಾಧ್ಯಮದ ಕಾನ್ವೆಂಟು ಶಾಲೆ. ಯೂರೋಪಿಯನರ, ಆಂಗ್ಲೋ-ಇಂಡಿಯನ್ನರ ಮತ್ತು ಸ್ಥಿತಿವಂತರಾದ ಭಾರತೀಯರ ಮಕ್ಕಳು ಅಲ್ಲಿ ಓದಿದರು. ಎರಡನೆಯದು ಧರ್ಮಕೇಂದ್ರದ ನೆರಳಿನಲ್ಲಿ ಬೆಳೆದ ಕೂಲಿ ಲೈನುಗಳ ಮಕ್ಕಳ ದೇಶಭಾಷಾ ಶಾಲೆ. ಅಲ್ಲಿ ಉಪಾಧ್ಯಾಯನೂ ಉಪದೇಶಿಯೂ ಬಹುಶಃ ಒಬ್ಬನೇ ಆಗಿರುತ್ತಿದ್ದನು. ಮಿಷನ್ ಕ್ಷೇತ್ರಗಳಲ್ಲೆಲ್ಲ ಇದೇ ರೂಢಿ. ಬೆಳಗ್ಗೆ ಅಕ್ಷರ ಕಲಿಸಿದವನೇ ಸಂಜೆ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವನು.

ಈ ಎರಡನೆಯ ಬಗೆಯ ಶಾಲೆಯನ್ನು ನಾವು ಲಘುವಾಗಿ ಎಣಿಸಲಾಗದು. ಕೂಲಿ ಲೈನಿನ ಬದುಕು ಗಣಿಯ ಪಾಳಿಗೆ ಕಟ್ಟುಬಿದ್ದಿತ್ತು. ಹಗಲಿರುಳೂ ಪಾಳಿಗಳಲ್ಲಿ ನಡೆಯುತ್ತಿದ್ದ ಕೆಲಸದಿಂದ ತಂದೆ ಯಾವ ಹೊತ್ತಿಗೆ ಮನೆಯಲ್ಲಿರುವನೆಂಬುದು ವಾರದಿಂದ ವಾರಕ್ಕೆ ಬದಲಾಗುತ್ತಿತ್ತು. ಬಂಡೆ ಸಿಡಿದು ಭೂಮಿ ನಡುಗಿದರೆ ಹೆಂಗಸರು ಗಣಿಬಾಯಿಯ ಕಡೆಗೆ ಓಡುವ ಪ್ರದೇಶವದು. ಅಂತಹ ಮನೆಯಲ್ಲಿ ಧರ್ಮವನ್ನು ಮಕ್ಕಳಿಗೆ ಹೇಳಿಕೊಟ್ಟವರು ಮುಖ್ಯವಾಗಿ ತಾಯಂದಿರು ಮತ್ತು ಅಜ್ಜಿಯರು; ಅವರ ನಂತರ ಉಪದೇಶಿ. ಮನೆಯೂ ಶಾಲೆಯೂ ದೇವಾಲಯವೂ ಒಂದೇ ಸೈರನ್ನಿನ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿದ್ದುದರಿಂದ ಮೂರೂ ಒಂದಕ್ಕೊಂದು ಹೊಂದಿಕೊಂಡು ನಡೆದುವು. ಧರ್ಮಕೇಂದ್ರದ ಒಗ್ಗಟ್ಟೆಂದು ನಾವು ಸಾಮಾನ್ಯವಾಗಿ ಹೊಗಳುವ ವಸ್ತುವಿನಲ್ಲಿ ಅರ್ಧ ಭಾಗವು ವಾಸ್ತವವಾಗಿ ಗಣಿ ಕಂಪನಿಯ ವಸತಿ ವ್ಯವಸ್ಥೆಯ ಫಲವೆಂದು ನಮ್ಮ ಅಭಿಮತ. ಇದನ್ನು ಹೇಳಿದರೆ ಭಕ್ತರಿಗೆ ರುಚಿಸದಿರಬಹುದು. ಆದರೆ ಮುಂದೆ ಗಣಿಯು ಮುಚ್ಚಿದಾಗ ಏನಾಯಿತೆಂಬುದನ್ನು ತಿಳಿಯಲು ಇದನ್ನು ಮೊದಲೇ ಒಪ್ಪಿಕೊಳ್ಳುವುದು ಮೇಲು.

ಅಕ್ಷರವನ್ನು ಕಲಿತವನು ಕಲಿಸಿದವರು ಕೊಟ್ಟ ಪುಸ್ತಕವನ್ನಷ್ಟೇ ಓದಿ ಸುಮ್ಮನಿರುವುದಿಲ್ಲ. ಪಂಡಿತ ಅಯೋತ್ತಿದಾಸರ ಬೌದ್ಧ ಸಂಘವು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪದಲ್ಲಿ ಬೇರೂರಿತು. ಅವರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆಯು ಅವರ ಮರಣಾನಂತರ ಕೆಲಕಾಲ ಈ ಗಣಿಪ್ರದೇಶದಿಂದಲೇ ಪ್ರಕಟವಾಯಿತು. ಜಾತಿಯನ್ನು ಕಳಚಿಹಾಕಲು ಕ್ರೈಸ್ತಮತವೊಂದೇ ಮಾರ್ಗವಲ್ಲವೆಂಬ ವಾದವು ಹೀಗೆ ಲೈನುಗಳಲ್ಲಿ ಹರಡಿತು. 1930ರಲ್ಲಿ ಬೆರಳಚ್ಚು ಕೊಡುವ ವಿಷಯವಾಗಿ ದೊಡ್ಡ ಮುಷ್ಕರವಾಯಿತು; 1946ರ ನವೆಂಬರಿನಲ್ಲಿ ಕಾರ್ಮಿಕರ ಮೇಲೆ ಗೋಲಿಬಾರು ನಡೆದು ಪ್ರಾಣಹಾನಿಯಾಯಿತು. ಕಮ್ಯುನಿಸ್ಟರ ಸಂಘಗಳೂ ದ್ರಾವಿಡ ಚಳವಳಿಯ ವಿಚಾರಗಳೂ ಇದೇ ಜನರ ನಡುವೆ ಬಲಗೊಂಡುವು. ಒಂದೇ ಲೈನಿನಲ್ಲಿ ಜಪಸರ ಹಿಡಿದ ತಾಯಿ, ಕೆಂಬಾವುಟ ಹಿಡಿದ ಮಗ, ಬೌದ್ಧನಾದ ಮೈದುನ ಇರುವುದು ಇಲ್ಲಿ ಅಚ್ಚರಿಯ ಸಂಗತಿಯಾಗಿರಲಿಲ್ಲ. ಆದಕಾರಣ, ಕ್ಯಾಥೊಲಿಕ್ ಧರ್ಮಜೀವನವು ಇಲ್ಲಿ ಎಂದೂ ಸ್ಪರ್ಧೆಯಿಲ್ಲದೆ ಬೆಳೆಯಿತೆಂದು ಭಾವಿಸುವುದು ತಪ್ಪು.

ಸ್ವಾತಂತ್ರ್ಯಾನಂತರದ ಬದಲಾವಣೆಗಳಲ್ಲಿ ಮೊದಲು ಹೇಳಬೇಕಾದುದು ಸಂವಿಧಾನದ ವಿಧಿಗಳನ್ನು. 30ನೆಯ ಅನುಚ್ಛೇದವು ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. 28ನೆಯ ಅನುಚ್ಛೇದದ ಮೂರನೆಯ ಖಂಡವಾದರೋ, ಸರ್ಕಾರದ ಮಾನ್ಯತೆ ಅಥವಾ ಸಹಾಯಧನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತವಯಸ್ಕರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಒಳಪಡಿಸಕೂಡದೆಂದು ವಿಧಿಸುತ್ತದೆ. ಈ ಎರಡು ವಿಧಿಗಳ ನಡುವೆ ಒಂದು ರೂಢಿ ನೆಲೆಗೊಂಡಿತು. ಕ್ಯಾಥೊಲಿಕ್ ಮಕ್ಕಳು ಜ್ಞಾನೋಪದೇಶದ ತರಗತಿಗೆ ಹೋಗುವರು. ಅದೇ ಗಂಟೆಯಲ್ಲಿ ಉಳಿದವರಿಗೆ ‘ನೀತಿಬೋಧೆ’. ಒಂದೇ ಬೆಂಚಿನಲ್ಲಿ ಕುಳಿತವರು ಆ ಒಂದು ಗಂಟೆ ಮಾತ್ರ ಬೇರೆಯಾಗುವರು. ಕ್ರಮೇಣ ಕ್ಯಾಥೊಲಿಕ್ ಶಾಲೆಗಳಲ್ಲಿ ಕ್ಯಾಥೊಲಿಕರೇ ಅಲ್ಪಸಂಖ್ಯಾತರಾದರು. ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ ಕ್ರೈಸ್ತ ಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇಕಡಾ 74ರಷ್ಟು ಮಂದಿ ಅಲ್ಪಸಂಖ್ಯಾತ ಸಮುದಾಯಗಳಿಗೆ ಸೇರದವರು. ಇದನ್ನು ಕೆಲವರು ಆಕ್ಷೇಪಣೆಯಾಗಿ ಹೇಳುತ್ತಾರೆ, ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರಿನಲ್ಲಿ ಹೊರಡಿಸಿದ ವಿದ್ಯಾಭ್ಯಾಸದ ಘೋಷಣೆಯು ತಂದೆತಾಯಿಗಳೇ ಮಕ್ಕಳ ಮೊದಲ ಶಿಕ್ಷಕರೆಂದು ಸಾರಿ, ಬಡವರನ್ನೂ ಕ್ರೈಸ್ತವಿಶ್ವಾಸವಿಲ್ಲದವರನ್ನೂ ಕ್ಯಾಥೊಲಿಕ್ ಶಾಲೆಗಳು ವಿಶೇಷವಾಗಿ ಗಮನಿಸಬೇಕೆಂದಿತು. ಆ ಮಾತಿನ ಎರಡನೆಯ ಭಾಗವು ಚೆನ್ನಾಗಿಯೇ ನೆರವೇರಿದೆ. ‘ಬಡವರು’ ಎಂಬ ಪದದ ವಿಷಯಕ್ಕೆ ಮುಂದೆ ಬರುತ್ತೇವೆ.

ಇದಕ್ಕಿಂತ ತೀಕ್ಷ್ಣವಾದ ಪರಿಣಾಮ ಬೀರಿದ್ದು ಇನ್ನೊಂದು ಆಜ್ಞೆ. 1950ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆಯು, ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅವಲಂಬಿಸಿದವರು ಪರಿಶಿಷ್ಟ ಜಾತಿಗೆ ಸೇರಿದವರೆನಿಸಲಾರರೆಂದು ವಿಧಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಈ ನಿರ್ಬಂಧ ಸಡಿಲವಾಯಿತು. ಕ್ರೈಸ್ತರಿಗೆ ಹಾಗಾಗಲಿಲ್ಲ. ನ್ಯಾಯಮೂರ್ತಿ ರಂಗನಾಥ ಮಿಶ್ರರ ಆಯೋಗವು 2007ರಲ್ಲಿ ಈ ಕಂಡಿಕೆಯನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು; 2022ರಲ್ಲಿ ಇದೇ ಪ್ರಶ್ನೆಯನ್ನು ಪರಿಶೀಲಿಸಲು ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ನರ ಆಯೋಗವು ನೇಮಕವಾಯಿತು. ದೇಶದ ಇತರೆಡೆಗಳಲ್ಲಿ ಇದು ನ್ಯಾಯಾಲಯದ ಮತ್ತು ಶಾಸನಸಭೆಯ ಚರ್ಚೆಯಾಗಿ ಕಾಣಬಹುದು. ಗಣಿಪ್ರದೇಶದಲ್ಲಿ ಅದು ಅಡ್ಡಗೋಡೆಯ ಪ್ರಶ್ನೆ. ಒಂದೇ ಊರಿನಿಂದ ಒಂದೇ ಕಾಲದಲ್ಲಿ ಒಂದೇ ಬಡತನದಿಂದ ತಪ್ಪಿಸಿಕೊಂಡು ಬಂದ ಎರಡು ಕುಟುಂಬಗಳು ಅಕ್ಕಪಕ್ಕದ ಕೋಣೆಗಳಲ್ಲಿವೆ. ಒಬ್ಬರ ಮೊಮ್ಮಗನಿಗೆ ವಿದ್ಯಾರ್ಥಿವೇತನವೂ ನೌಕರಿಯ ಮೀಸಲಾತಿಯೂ ಉಂಟು. ಇನ್ನೊಬ್ಬರ ಮೊಮ್ಮಗನಿಗೆ ಇಲ್ಲ. ವ್ಯತ್ಯಾಸವೆಲ್ಲ ಅಜ್ಜನು ಯಾವ ಬಾಗಿಲಲ್ಲಿ ಪ್ರಾರ್ಥಿಸಿದನೆಂಬುದರಲ್ಲಿದೆ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ವಿಧಾನಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಜಾತಿಗೆ ಮೀಸಲಾಗಿರುವುದನ್ನು ನೆನೆದರೆ ಈ ಪ್ರಶ್ನೆ ಇಲ್ಲಿನ ಸಾರ್ವಜನಿಕ ಜೀವನವನ್ನು ಎಷ್ಟು ಹತ್ತಿರದಿಂದ ತಟ್ಟುತ್ತದೆಂಬುದು ತಿಳಿಯುತ್ತದೆ.

ಇಲ್ಲಿ ಎರಡು ಪುಸ್ತಕಗಳ ಮಾತನ್ನು ಹೇಳಬೇಕು. ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕವಿರುತ್ತದೆ. ಶಿಶುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿಗಳು, ಜ್ಞಾನಪಿತೃಗಳು, ಮುಂದೆ ವಿವಾಹವಾದರೆ ಅದರ ಟಿಪ್ಪಣಿ, ಇಷ್ಟೂ ಅದರಲ್ಲಿ ಸೇರುತ್ತವೆ. ಹಳೆಯ ನಮೂದುಗಳು ಲ್ಯಾಟಿನ್ನಿನಲ್ಲಿರುವುದು ಕ್ಯಾಥೊಲಿಕ್ ಪದ್ಧತಿ. ಶಾಲೆಯಲ್ಲಿ ದಾಖಲಾತಿ ಪುಸ್ತಕವಿರುತ್ತದೆ. ಅದರಲ್ಲಿ ತಂದೆಯ ಕಸುಬು, ಮಾತೃಭಾಷೆ, ಮತ, ಜಾತಿ ಎಂಬ ಅಂಕಣಗಳಿವೆ. ಮೊದಲನೆಯ ಪುಸ್ತಕವು ಮನುಷ್ಯನನ್ನು ಸಭೆಗೆ ಸೇರಿಸುತ್ತದೆ. ಎರಡನೆಯದು ಸರ್ಕಾರಕ್ಕೆ ಅವನನ್ನು ಪರಿಚಯಿಸುತ್ತದೆ. ಇವೆರಡರಲ್ಲಿ ಒಬ್ಬನೇ ಹುಡುಗನು ಎರಡು ಬಗೆಯಾಗಿ ಕಾಣಿಸಿಕೊಳ್ಳುವುದು ದಕ್ಷಿಣ ಭಾರತದ ಅನೇಕ ಕಡೆ ಕಂಡುಬಂದ ಸಂಗತಿ. ಕನ್ನಡ ಕ್ಯಾಥೊಲಿಕರ ಹಳೆಯ ಹೆಸರುಗಳು ಈ ದಾರಿಯನ್ನು ಸುಲಭಗೊಳಿಸಿದುವು. ರಾಯಪ್ಪನೆಂದರೆ ಸಂತ ಪೇತ್ರ, ಚಿನ್ನಪ್ಪನೆಂದರೆ ಸಂತ ಪೌಲ, ಚೌರಪ್ಪನು ಕ್ಸೇವಿಯರ್, ಇನ್ನಾಸಪ್ಪನು ಇಗ್ನೇಷಿಯಸ್. ಇವರಲ್ಲಿ ಮೊದಲಿನ ಇಬ್ಬರನ್ನು ಶಾಲೆಯ ಗುಮಾಸ್ತೆಯು ಹಿಂದೂಗಳೆಂದು ಬರೆದುಕೊಂಡರೆ ಅದು ಅವನ ತಪ್ಪಲ್ಲ. ಎರಡು ಶತಮಾನಗಳ ಹಿಂದೆ ಮಿಷನರಿಗಳು ಜನರ ನಾಲಗೆಗೆ ಒಗ್ಗಲೆಂದು ರೂಢಿಗೆ ತಂದ ಹೆಸರು ಇಂದು ಜಾತಿಪ್ರಮಾಣಪತ್ರದ ಪ್ರಶ್ನೆಯಾಗಿ ಪರಿಣಮಿಸಿದೆ.

ಇಂತಹ ಕುಟುಂಬವನ್ನು ಕಪಟಿಯೆಂದು ಕರೆಯುವವರು ಇದ್ದಾರೆ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಜಾತಿಯ ಅವಮಾನವು ಮತ ಬದಲಾಯಿಸಿದೊಡನೆ ಹೋಗಿಬಿಡುತ್ತದೆಂಬುದು ಆದೇಶದ ಗ್ರಹಿಕೆ. ದೇವಾಲಯದೊಳಗೂ ಸ್ಮಶಾನದಲ್ಲೂ ಜಾತಿಯ ಗೆರೆಗಳು ಉಳಿದುಬಂದಿರುವುದನ್ನು ದಕ್ಷಿಣ ಭಾರತದ ಕ್ರೈಸ್ತ ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲರು. ಆದರೆ ಮಗುವಿನ ಮೇಲೆ ಇದರಿಂದಾಗುವ ಪರಿಣಾಮವನ್ನು ಧರ್ಮಬೋಧಕರು ಯೋಚಿಸಬೇಕು. ಭಾನುವಾರ ತನ್ನನ್ನು ಕ್ರೈಸ್ತನೆಂದು ಗಟ್ಟಿಯಾಗಿ ಹೇಳಿಕೊಂಡ ಹುಡುಗನು ಸೋಮವಾರ ಅರ್ಜಿಯಲ್ಲಿ ಬೇರೆಯದನ್ನು ಬರೆಯಬೇಕಾದರೆ, ಸತ್ಯವನ್ನೇ ನುಡಿ ಎಂಬ ಜ್ಞಾನೋಪದೇಶದ ಪಾಠವನ್ನು ಅವನು ಯಾವ ಮುಖದಿಂದ ಒಪ್ಪಿಸಬೇಕು?

ಭಾಷೆಯ ಪ್ರಶ್ನೆ ಇದಕ್ಕೆ ಕಡಮೆಯದಲ್ಲ. 1963ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯ ಸಂವಿಧಾನವನ್ನು ಅಂಗೀಕರಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆದುದರಿಂದಲೇ ಅದು ಯಾರಿಗೂ ಸೇರಿದ್ದಾಗಿರಲಿಲ್ಲ. ಲ್ಯಾಟಿನ್ ಹೋದ ಮೇಲೆ ಯಾವ ಭಾಷೆ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಕನ್ನಡ ಮತ್ತು ತಮಿಳು ಕ್ಯಾಥೊಲಿಕರ ನಡುವೆ ದಶಕಗಳ ಕಾಲ ಎಳೆದಾಡಿದ ವಿವಾದದ ಮೂಲ ಇಲ್ಲಿದೆ. ನಾಡಿನ ಭಾಷೆಗೆ ನಾಡಿನ ದೇವಾಲಯದಲ್ಲಿ ಮೊದಲ ಸ್ಥಾನ ಸಲ್ಲಬೇಕೆಂಬುದು ಕನ್ನಡಿಗರ ವಾದ. ತಾಯಿ ಕಲಿಸಿದ ಪ್ರಾರ್ಥನೆಯನ್ನು ಬಿಡಲಾಗದೆಂಬುದು ತಮಿಳರ ವಾದ. ಮೊದಲನೆಯದು ನ್ಯಾಯ, ಎರಡನೆಯದೂ ಸುಳ್ಳಲ್ಲ. ಗಣಿಪ್ರದೇಶದಲ್ಲಿ ತಮಿಳು ಮಾತನಾಡುವವರೇ ಬಹುಸಂಖ್ಯಾತರಾದುದರಿಂದ ಪ್ರಶ್ನೆಯ ಮುಖ ಬೆಂಗಳೂರಿನಲ್ಲಿದ್ದಂತೆ ಇರಲಿಲ್ಲ. ಇಲ್ಲಿ ಹಳ್ಳಿಯ ಕನ್ನಡ, ತೆಲುಗುಗಳೇ ಪೇಟೆಯೊಳಗೆ ಬಂದಾಗ ಹೊರಗಿನವಾಗುತ್ತಿದ್ದುವು.

ಇತ್ತ ಶಾಲೆಯಲ್ಲಿ ಬೇರೊಂದು ನಡೆಯಿತು. 1980ರ ದಶಕದ ಆರಂಭದ ಗೋಕಾಕ್ ಚಳವಳಿಯ ನಂತರ ಕನ್ನಡಕ್ಕೆ ಶಾಲೆಗಳಲ್ಲಿ ಪ್ರಾಧಾನ್ಯ ಬಂದಿತು. ಮೊದಲ ನಾಲ್ಕು ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ರಾಜ್ಯ ಸರ್ಕಾರವು 1994ರಲ್ಲಿ ಆಜ್ಞೆ ಮಾಡಿತು. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ ತಿಂಗಳಲ್ಲಿ ಅಂತಹ ಕಡ್ಡಾಯವು ಸಲ್ಲದೆಂದು ತೀರ್ಪಿತ್ತಿತು. ಈ ಮಧ್ಯೆ ಪೋಷಕರು ತಮ್ಮ ತೀರ್ಪನ್ನು ತಾವೇ ಕೊಟ್ಟಿದ್ದರು. ಅವರಿಗೆ ಬೇಕಾದುದು ಇಂಗ್ಲಿಷು. ದೇಶಭಾಷಾ ಶಾಲೆಗಳು ಸೊರಗಿದುವು, ಕಾನ್ವೆಂಟುಗಳು ತುಂಬಿದುವು. ಕೂಲಿ ಲೈನಿನ ಹುಡುಗನಿಗೆ ಒಂದು ಕಾಲದಲ್ಲಿ ದೂರವಾಗಿದ್ದ ಬಾಗಿಲು ತೆರೆಯಿತೆಂಬುದು ಸಂತೋಷದ ವಿಷಯವೇ. ಆದರೆ ಅವನು ಪ್ರಾರ್ಥಿಸುವ ಭಾಷೆಗೂ ಯೋಚಿಸಲು ಕಲಿತ ಭಾಷೆಗೂ ನಡುವೆ ಹೊಸದೊಂದು ಬಿರುಕು ಉಂಟಾಯಿತು.

ಇನ್ನು ಗಣಿಯ ಅವಸಾನ. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಅದಿರಿನ ಸತ್ವವು ಇಳಿಯುತ್ತ ಬಂದು, ಆಳ ಹೆಚ್ಚಿದಷ್ಟೂ ಖರ್ಚು ಏರಿ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಮೂರು ಸಾವಿರಕ್ಕೂ ಮಿಕ್ಕ ಕಾರ್ಮಿಕರು ಒಮ್ಮೆಗೇ ಕೆಲಸ ಕಳೆದುಕೊಂಡರು. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯು ಕೆಲವರಿಗೆ ಆಸರೆಯಾಗಿತ್ತು. ಮಿಕ್ಕವರಿಗೆ ಬೆಂಗಳೂರೇ ಗತಿ. ಮಾರಿಕುಪ್ಪದಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಬೆಳಗಾಗುವ ಮುನ್ನ ಹೊರಡುವ ರೈಲುಗಳು ಅಂದಿನಿಂದ ಸಾವಿರಾರು ಮಂದಿಯನ್ನು ನಿತ್ಯವೂ ಒಯ್ದು ರಾತ್ರಿ ತಂದುಬಿಡುತ್ತಿವೆ. ಚಿನ್ನವನ್ನು ಹೊರಗೆ ಸಾಗಿಸಲು ಹಾಕಿದ ಕಂಬಿಯ ಮೇಲೆ ಈಗ ದುಡಿಯುವ ಜನರೇ ಸಾಗುತ್ತಿದ್ದಾರೆ.

ಸೈನೈಡ್ ಗುಡ್ಡಗಳ ಕೆಳಗಿನ ಲೈನುಗಳಲ್ಲಿ ನಾವು ಓಡಾಡಿದಾಗ ಮೊದಲು ಗಮನಕ್ಕೆ ಬಂದುದು ಹಗಲಿನ ಹೊತ್ತು ಅಲ್ಲಿ ಪ್ರಾಯದವರು ಕಾಣಸಿಗದಿರುವುದು. ಮುದುಕರೂ ಮಕ್ಕಳೂ ಉಳಿದಿದ್ದಾರೆ. ಮಹಾಸಭೆಯು ಮೊದಲ ಶಿಕ್ಷಕರೆಂದು ಕರೆದ ತಂದೆತಾಯಿಗಳು ರೈಲಿನಲ್ಲಿದ್ದಾರೆ. ಹಿಂದೆ ಪಾಳಿಯು ತಂದೆಯೊಬ್ಬನನ್ನು ಮಾತ್ರ ಕೊಂಡೊಯ್ಯುತ್ತಿತ್ತು. ಇಂದು ಸಿದ್ಧ ಉಡುಪುಗಳ ಕಾರ್ಖಾನೆಗೂ ಮನೆಗೆಲಸಕ್ಕೂ ಅಂಗಡಿಗಳಿಗೂ ತಾಯಂದಿರೂ ಹೋಗುತ್ತಾರೆ. ಜಪಸರವನ್ನು ಸಂಜೆ ಮನೆಮಂದಿಯೆಲ್ಲ ಸೇರಿ ಹೇಳುವ ಪದ್ಧತಿಗೆ ಮೊದಲ ಪೆಟ್ಟು ಬಿದ್ದುದು ಇದರಿಂದ. ಮತಾಂತರ, ನಾಸ್ತಿಕತೆ, ಟೆಲಿವಿಷನ್ ಎಂದು ಉಪದೇಶಗಳಲ್ಲಿ ಕೇಳಿಬರುವ ಕಾರಣಗಳೆಲ್ಲ ಆಮೇಲಿನವು.

ಶಾಲೆಗಾದರೋ ಹೊಸ ಬಗೆಯ ಕಷ್ಟ. ಕೂಲಿಯು ಚಿಕ್ಕದಾದರೂ ಖಚಿತವಾಗಿದ್ದ ಕಾಲದಲ್ಲಿ ಶುಲ್ಕವೂ ಖಚಿತವಾಗಿ ಬರುತ್ತಿತ್ತು. ಗಣಿ ಮುಚ್ಚಿದ ಮೇಲೆ ಶುಲ್ಕವನ್ನು ತಗ್ಗಿಸಿದರೆ ಉಪಾಧ್ಯಾಯರ ಸಂಬಳಕ್ಕೆ ಕೊರತೆ. ಏರಿಸಿದರೆ ಯಾರಿಗಾಗಿ ಶಾಲೆ ಹುಟ್ಟಿತೋ ಅವರೇ ಹೊರಗೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳು ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಕೊಡಬೇಕೆಂದು ವಿಧಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ಇದು ಅಲ್ಪಸಂಖ್ಯಾತರ ಹಕ್ಕಿಗೆ ರಕ್ಷೆ. ಆದರೆ ಕಾನೂನು ಬಲವಂತಪಡಿಸದ ಮಾತ್ರಕ್ಕೆ 1965ರ ಘೋಷಣೆಯ ‘ಬಡವರು’ ಎಂಬ ಪದವು ಅಳಿಸಿಹೋಗಲಿಲ್ಲ. ಗಣಿಪ್ರದೇಶದಂತಹ ಕಡೆ ಕ್ಯಾಥೊಲಿಕ್ ಶಾಲೆಯೊಂದು ತನ್ನ ಬಡವಿದ್ಯಾರ್ಥಿಗಳ ಪಟ್ಟಿಯನ್ನು ಸ್ವಯಿಚ್ಛೆಯಿಂದ ಎಷ್ಟು ಉದ್ದ ಇಟ್ಟುಕೊಳ್ಳುತ್ತದೆಂಬುದನ್ನು ನೋಡಿಯೇ ಅದರ ಧರ್ಮಸ್ವರೂಪವನ್ನು ಅಳೆಯಬೇಕೆಂದು ನಮಗೆ ತೋರುತ್ತದೆ. ಗೋಡೆಯ ಮೇಲಣ ಶಿಲುಬೆಯು ಅದಕ್ಕೆ ಬದಲಾಗಲಾರದು.

ಬಂಗಾರಪೇಟೆಯ ಸ್ಥಿತಿ ಸ್ವಲ್ಪ ಬೇರೆ. ಅದು ಗಣಿಯ ಊರಲ್ಲ. ಸಂತೆಯ, ಅಕ್ಕಿಗಿರಣಿಯ, ರೈಲಿನ ಊರು. ಸುತ್ತಣ ಹಳ್ಳಿಗಳ ಕನ್ನಡ ತೆಲುಗು ಮಾತನಾಡುವ ರೈತರ ಮಕ್ಕಳು ಅಲ್ಲಿನ ಶಾಲೆಗಳಿಗೆ ಬರುತ್ತಾರೆ. ಕೋಲಾರ ಸೀಮೆಯಲ್ಲಿ ಮೆಥಡಿಸ್ಟರ ಕಾರ್ಯವು ಮೊದಲೇ ಹಬ್ಬಿದ್ದುದರಿಂದ ಕ್ರೈಸ್ತರೆಂದರೆ ಕ್ಯಾಥೊಲಿಕರೇ ಎಂಬ ಭಾವನೆ ಅಲ್ಲಿ ಬೆಳೆಯಲಿಲ್ಲ. ಗಣಿ ಮುಚ್ಚಿದ ನಂತರ ಬೆಂಗಳೂರಿಗೆ ಒಂದು ಗಂಟೆ ಹತ್ತಿರವೆಂಬ ಕಾರಣಕ್ಕೆ ಕೆಲವು ಗಣಿ ಕುಟುಂಬಗಳು ಬಂಗಾರಪೇಟೆಗೆ ಇಳಿದುಬಂದಿವೆ. ಲೈನಿನಲ್ಲಿದ್ದಾಗ ತಮಿಳಿನಲ್ಲಿಯೇ ಎಲ್ಲವೂ ನಡೆಯುತ್ತಿತ್ತು. ಇಲ್ಲಿ ಮಕ್ಕಳು ಬೀದಿಯಲ್ಲಿ ಕನ್ನಡವನ್ನು ಕಲಿಯುತ್ತಾರೆ, ತರಗತಿಯಲ್ಲಿ ಇಂಗ್ಲಿಷನ್ನು ಓದುತ್ತಾರೆ. ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುವ ಎಂಟೊಂಬತ್ತು ವರ್ಷದ ಮಕ್ಕಳಿಗೆ ಭಾನುವಾರ ಪೂಜೆಯಾದ ಮೇಲೆ ಒಂದು ಗಂಟೆಯ ಪಾಠವಿರುತ್ತದೆ. ವಾರಕ್ಕೊಮ್ಮೆ ಬಿಡುವು ಸಿಕ್ಕ ತಂದೆತಾಯಿಗಳು ಹೊರಗೆ ನೆರಳಿನಲ್ಲಿ ಕಾಯುತ್ತಾರೆ. ಒಳಗೆ ಮಗುವು ಪರಲೋಕ ಮಂತ್ರವನ್ನು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಆರಂಭಿಸಿ, ನಡುವೆ ಮರೆತಾಗ ಅಜ್ಜಿಯ ತಮಿಳಿನಲ್ಲಿ ಮುಂದುವರಿಸುತ್ತದೆ. ಪಾಠ ಹೇಳುವಾಕೆ ಅದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸುತ್ತಾಳೆ.